ಬಿರುಕು ಬಿಟ್ಟ ಫಿರೋಜಾ ಕಲ್ಲು

ಗುರುದತ್ತ ಆಚಾರ್ಯರು ಗಿರಾಕಿಯೊಬ್ಬರಿಗೆ ಮೋಸ ಮಾಡಲು ಹೊರಟಿದ್ದು, ನನಗೆ ಗೊತ್ತಿರುವ ಮಟ್ಟಿಗೆ, ಎಪ್ಪತ್ತೊಂದು ವರ್ಷಗಳಲ್ಲಿ ಒಂದೇ ಸಲ. ಆ ಉಪಾಯ ಹೇಳಿಕೊಟ್ಟವಳು ನಾನು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ಅವರ ವಿಷಯ ಬರೆಯುವುದು ನನಗೆ ಸಲೀಸು.

ನನ್ನ ಹೆಸರು ಸಂಧ್ಯಾರಾಣಿ. ಮನೆ ಇರುವುದು ಸಿಡ್ನಿಯ ಸ್ಕೋಫೀಲ್ಡ್ಸ್‌ನಲ್ಲಿ, ಕೆಲಸ ಲಿವರ್‌ಪೂಲ್‌ನ ಒಂದು ಸಣ್ಣ ಒಡವೆ ಅಂಗಡಿಯ ಕೌಂಟರಿನಲ್ಲಿ. ಬೆಳಿಗ್ಗೆ ಎಂ-ಸೆವೆನ್ ರಸ್ತೆಯಲ್ಲಿ ಮುಕ್ಕಾಲು ಗಂಟೆ ಕಾರು ಓಡಿಸಿ ಬರುವಷ್ಟರಲ್ಲಿ ನನ್ನ ತಾಳ್ಮೆಯೆಲ್ಲ ಖರ್ಚಾಗಿರುತ್ತದೆ. ಉಳಿದಿದ್ದರೆ ಅದನ್ನು ಗಿರಾಕಿಗಳು ಮುಗಿಸುತ್ತಾರೆ. ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕದ ಬೆಂಚಿನಲ್ಲಿ, ಆಚಾರ್ಯರು ಕೂತಿರುತ್ತಾರೆ. ನಾನು ಸಿಟ್ಟಿನಲ್ಲಿ ಒಳಗೆ ಹೋದರೆ ತಲೆ ಎತ್ತದೆ, "ಕಾಫಿ ಫ್ಲಾಸ್ಕಲ್ಲಿದೆ ಕಣಮ್ಮಾ" ಎನ್ನುತ್ತಾರೆ. ಮೂರು ವರ್ಷದಿಂದ ನಮ್ಮಿಬ್ಬರ ಸ್ನೇಹ ಹೀಗೇ ನಡೆದಿದೆ.

ಅವರು ಮೈಸೂರಿನವರು. ಅಶೋಕ ರಸ್ತೆಯ ಹಿಂದಿನ ಗಲ್ಲಿಯಲ್ಲಿ ಅವರ ತಂದೆಯ ಅಂಗಡಿ ಇತ್ತು. ಹನ್ನೊಂದನೇ ವಯಸ್ಸಿಗೇ ಊದುಕೊಳವೆ ಹಿಡಿದು ಬೆಸುಗೆ ಹಾಕಲು ಕಲಿತರಂತೆ. ಅಕ್ಕಸಾಲಿಗರನ್ನು ಕುರಿತು ಜನ ಏನು ಆಡಿಕೊಳ್ಳುತ್ತಾರೆಂದು ನಮಗೆಲ್ಲ ಗೊತ್ತು, ಅವರ ತಂದೆಗೂ ಗೊತ್ತಿತ್ತು. ಆ ಮಾತು ತಮ್ಮ ಅಂಗಡಿಯ ಮೆಟ್ಟಿಲು ಹತ್ತಬಾರದೆಂದು ಆ ಮನುಷ್ಯ ಒಡವೆಯನ್ನು ಅರದಿಂದ ಉಜ್ಜಿದಾಗ ಉದುರಿದ ಪುಡಿಯನ್ನೂ ಕಾಗದದಲ್ಲಿ ಕಟ್ಟಿ ಗಿರಾಕಿಗೆ ವಾಪಸ್ಸು ಕೊಡುತ್ತಿದ್ದರು. ಮಗ ಅದೇ ಪದ್ಧತಿಯನ್ನು ಆಸ್ಟ್ರೇಲಿಯಾಕ್ಕೂ ತಂದರು. ಇಲ್ಲಿ ಉಂಗುರ ಸಣ್ಣದು ಮಾಡಿಸಿಕೊಂಡ ಬಿಳಿಯರ ಹುಡುಗಿಯರಿಗೆ ಕಾಗದದ ಪೊಟ್ಟಣ ಕೊಟ್ಟರೆ ಅವರು ಅದನ್ನು ಯಾವುದೋ ಔಷಧಿ ಅಂದುಕೊಂಡು ನನ್ನ ಮುಖ ನೋಡುತ್ತಾರೆ. ಪ್ರತಿ ಸಲವೂ ನಾನೇ ವಿವರಿಸಬೇಕು.

ಆಚಾರ್ಯರ ಮಗಳು ಅಪೇಕ್ಷಾ ಡಾಕ್ಟರು. ಮೊದಲು ಅವಳಿದ್ದದ್ದು ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನಲ್ಲಿ, ಒಂಬತ್ತನೇ ಮಹಡಿಯ ಅಪಾರ್ಟ್‌ಮೆಂಟು. ಅಲ್ಲಿ ಆಚಾರ್ಯರು ನಾಲ್ಕು ವರ್ಷ ಕೈಕಟ್ಟಿ ಕೂತರು. ಯುಗಾದಿ ಕಾರ್ಯಕ್ರಮದಲ್ಲಿ ಯಾರದೋ ಜುಮುಕಿಯ ಕೊಂಡಿ ಬಿದ್ದುಹೋದಾಗ ಉಗುರು ಕತ್ತರಿಸುವ ಕಟರ್‌ನಲ್ಲೇ ಸರಿಮಾಡಿಕೊಟ್ಟರು. ಆಮೇಲೆ ಮೆಲ್ಬರ್ನ್ ಕನ್ನಡತಿಯರ ಜುಮುಕಿಗಳೆಲ್ಲ ಒಂದೊಂದಾಗಿ ಬಿಚ್ಚಿಕೊಳ್ಳತೊಡಗಿದವು. ಮಗಳಿಗೆ ಲಿವರ್‌ಪೂಲ್ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ಸಿಡ್ನಿಗೆ ಬಂದ ಮೇಲೆ, ಒಂದು ದಿನ ನಮ್ಮ ಅಂಗಡಿಯ ಗಾಜಿನ ಮೇಲೆ 'ರಿಪೇರಿಯವರು ಬೇಕು' ಎಂಬ ಬೋರ್ಡು ನೋಡಿ ಒಳಗೆ ಬಂದರು. ನಮ್ಮ ಮಾಲೀಕರು ಫಿಜಿಯ ಹಿಂದಿ ಮಾತಾಡುವವರು, ಇವರಿಗೆ ಹಿಂದಿ ಬಾರದು. ಮಾಲೀಕರು ತುಂಡಾದ ಸರ ಕೊಟ್ಟರು, ಇವರು ಬೆಸೆದು ಕೊಟ್ಟರು. ಎಲ್ಲಿ ತುಂಡಾಗಿತ್ತೆಂದು ಮಾಲೀಕರು ಭೂತಗನ್ನಡಿ ಹಿಡಿದು ಹುಡುಕಿದರು, ಸಿಗಲಿಲ್ಲ. ಸಂದರ್ಶನ ಅಷ್ಟೇ.

ಎಲ್ಲವನ್ನೂ ಹಿಂದಿರುಗಿಸುವ ಈ ಮನುಷ್ಯ ಒಂದನ್ನು ಮಾತ್ರ ಹಿಂದಿರುಗಿಸುತ್ತಿರಲಿಲ್ಲ. ಅದು ಒಡೆದ ಕಲ್ಲು. ಭಿನ್ನವಾದ ವಿಗ್ರಹವನ್ನು ಪೂಜೆಗೆ ಇಡದ ಹಾಗೆ ಬಿರುಕು ಬಿಟ್ಟ ಹರಳನ್ನು ಮೈಮೇಲೆ ಇಟ್ಟುಕೊಳ್ಳಬಾರದು, ಮನೆಯೊಳಗೂ ಬಿಟ್ಟುಕೊಳ್ಳಬಾರದು ಎಂಬುದು ಅವರ ಮನೆತನದ ನಂಬಿಕೆ. ತಂದೆ ಅಂಥ ಕಲ್ಲುಗಳನ್ನು ತೆಂಗಿನ ಕರಟದಲ್ಲಿ ಕೂಡಿಟ್ಟು ಅಮಾವಾಸ್ಯೆಗೆ ಶ್ರೀರಂಗಪಟ್ಟಣಕ್ಕೆ ಹೋಗಿ ಕಾವೇರಿಗೆ ಬಿಟ್ಟು ಬರುತ್ತಿದ್ದರು. ಗಿರಾಕಿಯ ಮನೆಗೆ ಕೇಡು ತಟ್ಟದಿರಲಿ ಎಂದು ಅಕ್ಕಸಾಲಿ ಮಾಡುವ ಉಪಕಾರ ಅದು, ಕೂಲಿಯಿಲ್ಲದ ಕೆಲಸ. ಇಲ್ಲಿ ಆಚಾರ್ಯರಿಗೆ ಲಿವರ್‌ಪೂಲ್ ಸ್ಟೇಷನ್ನಿನ ಹಿಂದೆ ಜಾರ್ಜಸ್ ನದಿ ಸಿಕ್ಕಿತು. ಅವರು ಬಿಟ್ಟು ಬರುತ್ತಿದ್ದದ್ದು ಚೂರುಪಾರು ಕಲ್ಲುಗಳು. ಯಾರೂ ಕೇಳಿರಲಿಲ್ಲ.

ಹೋದ ಜುಲೈಯಲ್ಲಿ ಲೆನೋರಾ ಬಂದಳು. ಆಸ್ಪತ್ರೆಯ ಡಯಾಲಿಸಿಸ್ ವಿಭಾಗದ ನರ್ಸು, ಐವತ್ತರ ಆಸುಪಾಸು, ಎತ್ತರದ ಹೆಂಗಸು, ಉದ್ದ ಜಡೆ. ಅಮೆರಿಕದ ಅರಿಜೋನಾದ ನವಾಹೋ ಬುಡಕಟ್ಟಿನವಳು. ಇಲ್ಲಿಯವನನ್ನು ಮದುವೆಯಾಗಿ ಬಂದು ಇಪ್ಪತ್ತು ವರ್ಷವಾಯಿತಂತೆ. ಕೈಚೀಲದಿಂದ ಬಟ್ಟೆಯ ಗಂಟು ತೆಗೆದು ಬಿಚ್ಚಿದಳು. ಒಳಗೆ ಒಂದು ಬೆಳ್ಳಿಯ ಕಡಗ. ಒಂದು ಕಡೆ ಬಾಯಿ ತೆರೆದದ್ದು, ಅಂಗೈಯಗಲ, ನಮ್ಮ ದೇವರ ಮನೆಯ ದೀಪದಷ್ಟು ಭಾರ. ನಡುವೆ ನೆಲ್ಲಿಕಾಯಿ ಗಾತ್ರದ ಫಿರೋಜಾ ಕಲ್ಲು. ಮೊದಲು ನೀಲಿಯಿದ್ದು ಮೈಯ ಎಣ್ಣೆ ಕುಡಿದು ಹಸಿರಿಗೆ ತಿರುಗಿತ್ತು. ಅದರ ಮೇಲೆ ಸಣ್ಣ ಕಪ್ಪು ಎಳೆಗಳು. ಕಲ್ಲಿನ ನಡುವೆ ಅಡ್ಡಲಾಗಿ ಒಂದು ಬಿರುಕು. ಕಲ್ಲನ್ನು ಹಿಡಿದ ಬೆಳ್ಳಿಯ ಅಂಚಿಗೆ ಗರಗಸದ ಹಾಗೆ ಹಲ್ಲುಗಳಿದ್ದವು, ಕೆಲವು ಎದ್ದು ನಿಂತಿದ್ದವು. ಕಡಗದ ಪಟ್ಟಿಯೂ ಒಂದು ಕಡೆ ಸೀಳಿತ್ತು.

ಪಟ್ಟಿಯ ಮೇಲೆಲ್ಲ ಅಚ್ಚೊತ್ತಿದ ಚಿತ್ತಾರ. ಬಾಣ, ಮೋಡ, ಸೂರ್ಯ. "ಇದಕ್ಕೆಲ್ಲ ಏನರ್ಥ?" ಎಂದು ಕೇಳಿದೆ. ಲೆನೋರಾ ನಕ್ಕಳು.

"ಅದಕ್ಕೆಲ್ಲ ಅರ್ಥ ಬರೆದು ಕಾರ್ಡು ಹಚ್ಚಿದವರು ಬಿಳಿಯ ವ್ಯಾಪಾರಿಗಳು, ಟೂರಿಸ್ಟರಿಗೆ ಮಾರೋದಕ್ಕೆ. ನನ್ನ ಅಮ್ಮನ ಸೋದರಮಾವ ಮಾಡಿದ್ದು ಇದು. ಅವನ ಹತ್ತಿರ ಆ ಅಚ್ಚು ಇತ್ತು, ಒತ್ತಿದ. ಹಳೇ ಅರಗಳನ್ನ ತೇದು ತಾನೇ ಮಾಡಿಕೊಂಡ ಅಚ್ಚುಗಳು." ಆಮೇಲೆ ಕಲ್ಲಿನ ಮೇಲೆ ಬೆರಳಿಟ್ಟು, "ಇದು ಮಾತ್ರ ಹಾಗಲ್ಲ" ಎಂದಳು. ಅವರ ನಾಡಿನ ನಾಲ್ಕು ದಿಕ್ಕಿಗೆ ನಾಲ್ಕು ಪವಿತ್ರ ಬೆಟ್ಟಗಳಂತೆ, ದಕ್ಷಿಣದ ಬೆಟ್ಟದ್ದು ಈ ಕಲ್ಲಂತೆ. ಆಕಾಶವೂ ನೀರೂ ಇದರೊಳಗೇ ಇವೆಯಂತೆ. ಇದನ್ನು ಮೈಮೇಲೆ ಇಟ್ಟುಕೊಂಡವರನ್ನು ದೇವತೆಗಳು ತಮ್ಮ ಮಕ್ಕಳೆಂದು ಗುರುತು ಹಿಡಿಯುತ್ತಾರಂತೆ.

ಅವಳ ಅಕ್ಕನ ಮೊಮ್ಮಗಳು ದೊಡ್ಡವಳಾಗಿದ್ದಾಳೆ, ಅದರ ಶಾಸ್ತ್ರ ನಾಲ್ಕು ದಿನ ನಡೆಯುತ್ತದೆ, ಆ ಹುಡುಗಿಯ ಕೈಗೆ ಈ ಕಡಗ ತೊಡಿಸಬೇಕು, ಮುಂದಿನ ಬುಧವಾರ ವಿಮಾನ ಎಂದೂ ಹೇಳಿದಳು. "ರಿಪೇರಿ ಮಾಡಿ. ಕಲ್ಲು ಬಿರುಕು ಬಿಟ್ಟಿದೆ, ನೋಡಿಕೊಳ್ಳಿ." ನಾನು ಫೋಟೋ ತೆಗೆದು ಚೀಟಿ ಬರೆದೆ. ನಮ್ಮ ಚೀಟಿಯಲ್ಲಿ 'ಹಳೆಯ ಭಾಗಗಳನ್ನು ಹಿಂದಿರುಗಿಸಬೇಕೇ' ಎಂದು ಒಂದು ಸಾಲಿದೆ. ಅದನ್ನು ಕೇಳಿ ಗುರುತು ಹಾಕುವುದು ನನ್ನ ಕೆಲಸ. ಮಗನನ್ನು ಸ್ಕೂಲಿನಿಂದ ಕರೆತರುವ ಹೊತ್ತಾಗಿತ್ತು. ನಾನು ಕೇಳಲಿಲ್ಲ.

ಆಚಾರ್ಯರು ಆ ಕಡಗವನ್ನು ಅರ್ಧ ಗಂಟೆ ಸುಮ್ಮನೆ ತಿರುಗಿಸಿ ನೋಡಿದರು. ಬೇರೆಯವರ ಕೆಲಸವನ್ನು ಅವರು ಹೊಗಳಿದ್ದು ನಾನು ಕೇಳಿದ್ದು ಅಂದೇ ಮೊದಲು.

"ಒಂದೊಂದು ಏಟೂ ಅಳೆದು ಹೊಡೆದಿದಾನೆ ನೋಡು. ಎರಡನೇ ಏಟು ಎಲ್ಲೂ ಇಲ್ಲ. ಕೈ ಅಂದ್ರೆ ಇದು." ಹಲ್ಲುಗಳನ್ನು ಮೆಲ್ಲಗೆ ಬಿಡಿಸಿ ಕಲ್ಲು ಎತ್ತಿದರೆ ಅಡಿಯಲ್ಲಿ ಮರದ ಹೊಟ್ಟು. "ನಾವು ಅರಗು ತುಂಬ್ತೀವಿ, ಈ ಪುಣ್ಯಾತ್ಮ ಗರಗಸದ ಪುಡಿ ತುಂಬಿದಾನೆ. ಕಲ್ಲಿಗೆ ಮೆತ್ತಗೆ ಹಾಸಿಗೆ ಹಾಸಿದಾನೆ!" ಎಂದು ಮಗುವಿನ ಹಾಗೆ ನಕ್ಕರು. ಎತ್ತಿದ ಕಲ್ಲು ಅವರ ಅಂಗೈಯಲ್ಲಿ ಎರಡು ಹೋಳಾಯಿತು.

"ಯಾವ ಫಂಕ್ಷನ್‌ಗೆ ಅಂದೆ?"

"ಹುಡುಗಿ ದೊಡ್ಡೋಳಾಗಿದಾಳೆ ಅಂಕಲ್. ಆರತಿ ಥರ."

ಅವರ ನಗು ನಿಂತಿತು. "ಅಂಥ ಕೆಲಸಕ್ಕೆ ಈ ಕಲ್ಲೇ? ಛೆ ಛೆ."

ಮುಂದಿನದು ಅವರು ನನ್ನನ್ನು ಕೇಳದೆ ಮಾಡಿದ್ದು. ಮೈಸೂರಿನಿಂದ ತಂದ ಡಬ್ಬಿಯಲ್ಲಿ ಅವರದೇ ಒಂದು ಫಿರೋಜಾ ಇತ್ತು. ಆಕಾಶದ ಬಣ್ಣ, ಒಂದು ಗೆರೆಯಿಲ್ಲ. ಅದನ್ನು ತೇದು ಕಡಗಕ್ಕೆ ಕೂರಿಸಿದರು. ಸೀಳು ಬೆಸೆದರು. ಶುಕ್ರವಾರ ಬೆಳಿಗ್ಗೆ ಕೆಲಸಕ್ಕೆ ಬರುವ ಮೊದಲು ನದಿಗೆ ಹೋಗಿ ಒಡೆದ ಎರಡು ಹೋಳುಗಳನ್ನೂ ನೀರಿಗೆ ಬಿಟ್ಟು, ಕೈಮುಗಿದು ಬಂದರು.

ಶುಕ್ರವಾರ ಮಧ್ಯಾಹ್ನ ಲೆನೋರಾ ಬಂದಳು. ನಾನು ಹೆಮ್ಮೆಯಿಂದ ಕಡಗವನ್ನು ಮುಂದಿಟ್ಟೆ. ಅವಳು ನೀಲಿ ಕಲ್ಲನ್ನು ನೋಡಿದಳು. ಕಡಗವನ್ನು ಮುಟ್ಟಲಿಲ್ಲ.

"ನನ್ನ ಕಲ್ಲೆಲ್ಲಿ?"

ಆಮೇಲೆ ಅವಳೇ ಹೇಳಿದಳು. ನಲವತ್ತು ವರ್ಷದ ಹಿಂದೆ ಅವಳ ಅಮ್ಮ ಕೂತಿದ್ದ ಟ್ರಕ್ಕು ಹಳ್ಳಕ್ಕೆ ಉರುಳಿತ್ತು. ಟ್ರಕ್ಕು ನಜ್ಜುಗುಜ್ಜಾಯಿತು. ಅಮ್ಮ ಎದ್ದು ಮೈ ಕೊಡವಿಕೊಂಡು ರಸ್ತೆಗೆ ನಡೆದುಬಂದಳು, ಒಂದು ಗೀರಿಲ್ಲ. ಕೈಯ ಕಡಗದ ಕಲ್ಲು ಮಾತ್ರ ಅಡ್ಡಕ್ಕೆ ಬಿರಿದಿತ್ತು. ಅಮ್ಮನಿಗೆ ಬರಬೇಕಾದ ಏಟನ್ನು ಕಲ್ಲು ತಾನು ತಿಂದಿದೆ ಎಂದು ಅವರ ಮನೆಯಲ್ಲಿ ಎಲ್ಲರೂ ನಂಬಿದರು. ಹುಡುಗಿಯ ಕೈಗೆ ತೊಡಿಸಬೇಕಾಗಿದ್ದು ಆ ಬಿರುಕನ್ನೇ. 'ಬಿರುಕು ಬಿಟ್ಟಿದೆ, ನೋಡಿಕೊಳ್ಳಿ' ಎಂದರೆ ಜೋಪಾನ ಎಂದು ಅವಳ ಅರ್ಥ.

ನನ್ನ ಬಾಯಿಂದ ಸುಳ್ಳು ಉದುರಿತು. "ಒಳಗೇ ಇದೆ, ಮೇಡಂ. ಸೇಫ್ ಆಗಿದೆ. ಸೋಮವಾರ ಬನ್ನಿ, ಅದನ್ನೇ ಕೂರಿಸಿ ಕೊಡ್ತೀವಿ." ಅವಳು ಕಡಗವನ್ನು ಅಲ್ಲೇ ಬಿಟ್ಟು ಹೊರಟುಹೋದಳು. ಪರದೆಯ ಹಿಂದೆ ಆಚಾರ್ಯರು ಎಲ್ಲ ಕೇಳಿಸಿಕೊಂಡು ನಿಂತಿದ್ದರು.

"ಕಲ್ಲು ಕದ್ದ ಅಂತಾರೆ ಕಣಮ್ಮಾ" ಎಂದರು. "ಅಷ್ಟೇ ಅಂತಾರೆ. ನಮ್ಮಪ್ಪ ಅರವತ್ತು ವರ್ಷ ಪುಡಿ ಕಟ್ಟಿ ಕೊಟ್ಟಿದ್ದು ಈ ಒಂದು ಮಾತು ಬರಬಾರದು ಅಂತ."

ಮರುದಿನ ಬೆಳಿಗ್ಗೆ ಅವರು ಏನು ಮಾಡಿದರೆಂದು ಅಪೇಕ್ಷಾ ಫೋನ್ ಮಾಡಿ ನನ್ನನ್ನು ಬೈದಾಗಲೇ ಗೊತ್ತಾದದ್ದು. ಜುಲೈ ಚಳಿಯಲ್ಲಿ ಪ್ಯಾಂಟು ಮಡಿಚಿಕೊಂಡು ಜಾರ್ಜಸ್ ನದಿಗೆ ಇಳಿದು, ಮೊಣಕಾಲುದ್ದ ಕೆಸರಿನಲ್ಲಿ ಕೈಯಾಡಿಸಿದ್ದರು. ಮೀನು ಹಿಡಿಯುತ್ತಿದ್ದ ವಿಯೆಟ್ನಾಮಿನ ಮುದುಕನೊಬ್ಬ ರಟ್ಟೆ ಹಿಡಿದು ಮೇಲಕ್ಕೆಳೆದನಂತೆ. "ಎಪ್ಪತ್ತೊಂದು ವರ್ಷ ಆಂಟಿ ಅಪ್ಪಂಗೆ! ನಿಮ್ಮ ಶಾಪಲ್ಲಿ ಏನ್ ನಡೀತಿದೆ?" ಎಂದಳು. ನನ್ನನ್ನು ಆಂಟಿ ಎಂದದ್ದಕ್ಕೂ ನನಗೆ ಸಿಟ್ಟು ಬಂತು, ಅವಳು ನನಗಿಂತ ಹತ್ತೇ ವರ್ಷ ಚಿಕ್ಕವಳು. ಆದರೆ ಬೈಗುಳ ನ್ಯಾಯವಾಗಿತ್ತು.

ಅಂದು ಅಂಗಡಿಯಲ್ಲಿ ನಾನು ನನ್ನ ಉಪಾಯ ಹೇಳಿದೆ. ಸಿಟಿಯಲ್ಲಿ ಅಮೆರಿಕನ್ ಫಿರೋಜಾ ಮಾರುವವರಿದ್ದಾರೆ. ಹಸಿರು ಬಣ್ಣದ, ಕಪ್ಪು ಎಳೆಗಳ ಕಲ್ಲು ತಂದು, ನನ್ನ ಫೋನಿನ ಫೋಟೋ ದೊಡ್ಡದು ಮಾಡಿ ನೋಡಿಕೊಂಡು, ಅದೇ ಜಾಗದಲ್ಲಿ ಬಿರುಕು ಹುಟ್ಟಿಸಿದರೆ ಆಯಿತು.

"ಆ ಹೆಣ್ಣುಮಗಳು ಬುಧವಾರ ಹೋಗ್ತಾಳೆ ಅಂಕಲ್. ಅವಳಿಗೂ ಸಮಾಧಾನ, ನಿಮ್ಮ ಹೆಸರೂ ಉಳಿಯತ್ತೆ. ಯಾರಿಗೆ ಲಾಸು?"

ಅವರು ಬೇಡ ಎನ್ನಲಿಲ್ಲ. ನಾನೇ ಹೋಗಿ ಕಲ್ಲು ತಂದೆ. ಅವರು ಅದನ್ನು ತೇದರು, ಬಟ್ಟೆಯಲ್ಲಿ ಸುತ್ತಿ ಚಾಣದ ತುದಿಯಿಟ್ಟು ಒಂದೇ ಒಂದು ಏಟು ಹೊಡೆದರು. ಬಿಚ್ಚಿ ನೋಡಿದರೆ ಫೋಟೋದಲ್ಲಿದ್ದ ಗೆರೆಯೇ. ಕೊಬ್ಬರಿ ಎಣ್ಣೆ ಸವರಿ ಬಣ್ಣ ಇಳಿಸಿದರು. ಕಡಗದ ನೀಲಿ ಕಲ್ಲು ತೆಗೆದು, ಹಳೆಯ ಹೊಟ್ಟನ್ನೇ ಅಡಿಗೆ ಹಾಸಿ ಇದನ್ನು ಕೂರಿಸಿದರು. ಫೋಟೋ ಪಕ್ಕದಲ್ಲಿಟ್ಟು ನೋಡಿದೆ, ನನಗೆ ವ್ಯತ್ಯಾಸ ಕಾಣಲಿಲ್ಲ. ನನಗೆ ಖುಷಿಯಾಯಿತು, ನಾಚಿಕೆಗೆಟ್ಟ ಖುಷಿ. ಅವರು ಕೈ ತೊಳೆಯಲು ಹೋದವರು ಹದಿನೈದು ನಿಮಿಷ ಬರಲೇ ಇಲ್ಲ.

ಸೋಮವಾರ ಹತ್ತು ಗಂಟೆಗೆ ಲೆನೋರಾ ಬಂದಳು. ಕಡಗವನ್ನು ಎತ್ತಿಕೊಂಡು ಬೆಳಕಿಗೆ ಹಿಡಿದಳು, ಬಿರುಕಿನ ಮೇಲೆ ಹೆಬ್ಬೆರಳು ಎಳೆದಳು. ಮುಖ ಸಡಿಲಾಯಿತು. ಕಣ್ಣು ಮುಚ್ಚಿ ಕಲ್ಲನ್ನು ಕೆನ್ನೆಗೆ ಒತ್ತಿಕೊಂಡು ತನ್ನ ಭಾಷೆಯಲ್ಲಿ ಮೆಲ್ಲಗೆ ಏನೋ ಅಂದಳು. ನಾನು ಬಿಲ್ಲು ಬರೆಯುವ ನೆಪದಲ್ಲಿ ತಲೆ ತಗ್ಗಿಸಿದೆ. ಹಿಂದೆ ಸ್ಟೂಲು ಸರಿದ ಸದ್ದು. ಆಚಾರ್ಯರು ಪರದೆ ಸರಿಸಿ ಹೊರಗೆ ಬಂದರು. ಬೇಡವೆಂದು ಅವರ ಕಾಲು ತುಳಿದೆ, ಪ್ರಯೋಜನವಾಗಲಿಲ್ಲ.

"ಮೇಡಂ, ನಾಟ್ ಯುವರ್ ಸ್ಟೋನ್" ಎಂದರು.

ಅವಳು ಕಣ್ಣು ಬಿಟ್ಟಳು.

"ಹೇಳಮ್ಮಾ ಸಂಧ್ಯಾ, ನನಗೆ ಅಷ್ಟು ಇಂಗ್ಲಿಷ್ ಬರಲ್ಲ. ಎಲ್ಲಾ ಹೇಳು. ಕಲ್ಲು ನದಿಗೆ ಬಿಟ್ಟಿದ್ದು ನಾನು. ಇದನ್ನ ಒಡೆದಿದ್ದೂ ನಾನು. ಒಂದನ್ನೂ ಬಿಡಬೇಡ."

ನಾನು ಹೇಳಿದೆ. ಕಾವೇರಿ, ಕರಟ, ಭಿನ್ನವಾದ ಕಲ್ಲು, ಚೀಟಿಯಲ್ಲಿ ನಾನು ಬಿಟ್ಟ ಸಾಲು, ಉಪಾಯ ನನ್ನದೆಂಬುದು, ಎಲ್ಲ. ಹೇಳುತ್ತ ನನಗೇ ಅಳು ಬಂತು. ಲೆನೋರಾ ಕಡಗವನ್ನು ಕೌಂಟರಿನ ಮೇಲೆ ಇಟ್ಟು, ಅದರಿಂದ ಕೈ ಹಿಂದಕ್ಕೆಳೆದುಕೊಂಡಳು.

"ನೀರಿಗೆ ಬಿಡುವಾಗ ಏನು ಹೇಳಿದ ಅಂತ ಕೇಳಿ."

ಆಚಾರ್ಯರು, ಗಂಗೆ ಯಮುನೆ ಕಾವೇರಿಯರ ಹೆಸರು ಹೇಳಿದೆ ಎಂದರು. ಆಮೇಲೆ ಈ ಕಲ್ಲು ಯಾರ ಮೈಮೇಲಿತ್ತೋ ಅವರಿಗೆ ಒಳ್ಳೆಯದು ಮಾಡು ಎಂದು ಕೇಳಿಕೊಂಡೆ, ಹೆಸರು ಗೊತ್ತಿರಲಿಲ್ಲ ಎಂದರು.

"ನಾವೂ ಈ ಕಲ್ಲನ್ನ ನೀರಿಗೆ ಕೊಡ್ತೀವಿ" ಎಂದಳು ಲೆನೋರಾ. "ಪ್ರಾರ್ಥನೆ ಮಾಡಿ, ನಮ್ಮ ಕೈಯಾರೆ, ನಮ್ಮದನ್ನ ಕೊಡ್ತೀವಿ. ಅದು ನಿನ್ನದಾಗಿರಲಿಲ್ಲ."

ಕನ್ನಡಕ್ಕೆ ತಿರುಗಿಸುವ ಮೊದಲೇ ಅವರಿಗೆ ಅರ್ಥವಾಗಿತ್ತು. "ನನ್ನದಲ್ಲ" ಎಂದರು.

ಅವಳು ಫೋನು ತೆಗೆದು ವಿಡಿಯೋ ಕಾಲ್ ಮಾಡಿದಳು. ಅರಿಜೋನಾದಲ್ಲಿ ಆಗ ಭಾನುವಾರ ಸಂಜೆ. ಪರದೆಯ ಮೇಲೆ ಒಬ್ಬ ಮುದುಕಿ ಕಾಣಿಸಿದಳು, ಎಂಬತ್ತು ದಾಟಿದ ಮುಖ, ತಲೆಗೆ ಹೂವಿನ ವಸ್ತ್ರ. ಟ್ರಕ್ಕಿನಿಂದ ಎದ್ದು ನಡೆದುಬಂದವಳು ಇವಳೇ. ಲೆನೋರಾ ತಮ್ಮ ಭಾಷೆಯಲ್ಲಿ ಎಲ್ಲ ಹೇಳಿದಳು. ಕೊನೆಗೆ ಮುದುಕಿ ಏನೋ ಕೇಳಿದಳು. ಲೆನೋರಾ ಫೋನನ್ನು ಆಚಾರ್ಯರ ಕಡೆ ತಿರುಗಿಸಿದಳು.

"ನಿನಗೆಷ್ಟು ವಯಸ್ಸು ಅಂತ ಕೇಳ್ತಿದಾಳೆ."

"ಸೆವೆಂಟಿ ವನ್."

ಮುದುಕಿ ಅಂದದ್ದನ್ನು ಲೆನೋರಾ ಹೇಳಿದಳು. "ಎಪ್ಪತ್ತೊಂದು ವರ್ಷಕ್ಕೆ ಬಾಯಿಬಿಟ್ಟು ಕೇಳೋದನ್ನ ಕಲಿತಿರಬೇಕಿತ್ತು ಅಂತಾಳೆ."

ಆಚಾರ್ಯರು ಫೋನಿಗೆ ಕೈಮುಗಿದರು. ಮುದುಕಿ ಹತ್ತಿರಕ್ಕೆ ಬಾಗಿ ಅವರನ್ನು ದಿಟ್ಟಿಸಿದಳು, ಆಮೇಲೆ ನಿಧಾನವಾಗಿ, ಬಿಟ್ಟುಬಿಟ್ಟು ಮಾತಾಡಿದಳು. ಲೆನೋರಾ ಒಂದೊಂದೇ ವಾಕ್ಯ ನಮಗೆ ಹೇಳುತ್ತ ಹೋದಳು.

"ಈ ಸುಳ್ಳು ಕಲ್ಲನ್ನ ತೆಗೀಬೇಕಂತೆ. ನಿನ್ನ ನೀಲಿ ಕಲ್ಲೂ ಬೇಡವಂತೆ. ಆ ಜಾಗ ಖಾಲಿ ಇರಲಿ. ಹುಡುಗಿ ಅದನ್ನ ಹಾಗೇ ತೊಡ್ತಾಳೆ. ಕಲ್ಲೆಲ್ಲಿ ಅಂತ ನೂರು ಜನ ಕೇಳ್ತಾರೆ. ಆಗ ಅವಳು ಟ್ರಕ್ಕಿನ ಕಥೆ ಹೇಳ್ತಾಳೆ, ಆಮೇಲೆ ನಿನ್ನ ಕಥೆ ಹೇಳ್ತಾಳೆ. ಕೇಳದೆ ನದಿಗೆ ಹಾಕಿದ, ಸುಳ್ಳು ಕಲ್ಲು ಮಾಡಿದ, ಆಮೇಲೆ ತಾನೇ ಬಂದು ಹೇಳಿದ. ಮೂರನ್ನೂ ಹೇಳ್ತಾಳೆ. ನಿನ್ನ ಹೆಸರು ಸರಿಯಾಗಿ ಹೇಳಿಕೊಡಬೇಕಂತೆ."

ಆಚಾರ್ಯರು ಹೇಳಿಕೊಟ್ಟರು. ಮುದುಕಿ ಮೂರು ಸಲ ತಪ್ಪಿ ನಾಲ್ಕನೆಯ ಸಲ ಸರಿಯಾಗಿ ಅಂದಳು. ಅವರ ಕಣ್ಣಲ್ಲಿ ನೀರು ನಿಂತದ್ದು ಅವಮಾನಕ್ಕೋ ಸಮಾಧಾನಕ್ಕೋ ನನಗೆ ಹೇಳಲಾಗದು. ಲೆನೋರಾ ನಮ್ಮನ್ನು ಕ್ಷಮಿಸಿದೆನೆಂದು ಹೇಳಲಿಲ್ಲ. ಅವಳ ಮುಖದ ಬಿಗಿ ಸಡಿಲಾಗಿರಲಿಲ್ಲ.

ಕೆಲಸ ತನ್ನ ಕಣ್ಣೆದುರೇ ನಡೆಯಬೇಕೆಂದು ಅವಳು ಒಳಗೆ ಬಂದು ಬೆಂಚಿನ ಪಕ್ಕ ಕೂತಳು. ಆಚಾರ್ಯರು ಸುಳ್ಳು ಕಲ್ಲನ್ನು ಎತ್ತಿದರು. ಖಾಲಿ ಗೂಡಿನ ಒಡವೆಯನ್ನು ಅಂಗಡಿಯಿಂದ ಹೊರಗೆ ಕಳಿಸುವುದು ಅವರ ಮನೆತನದಲ್ಲಿ ಕೇಡಿನ ಕೆಲಸ, ಅವರ ಕೈಯಿಂದ ಹಾಗೆ ಯಾವತ್ತೂ ಹೋಗಿರಲಿಲ್ಲ. ನಾನು ಅವರ ಮುಖ ನೋಡಿದೆ. ಅವರು ನೋಡುತ್ತಿದ್ದದ್ದು ಗೂಡಿನ ಸುತ್ತ ನಿಂತ ಹಲ್ಲುಗಳನ್ನು. ಕಲ್ಲಿಲ್ಲದೆ ಅವು ಮುಳ್ಳಿನಂತೆ ಚೂಪಾಗಿ ನಿಂತಿದ್ದವು.

"ಹುಡುಗಿಗೆ ಎಷ್ಟು ವಯಸ್ಸು ಕೇಳು" ಎಂದರು.

"ಹನ್ನೆರಡು" ಎಂದಳು ಲೆನೋರಾ.

ಅವರು ಸಣ್ಣ ಅರ ತೆಗೆದುಕೊಂಡು ಮೊದಲನೆಯ ಹಲ್ಲಿನ ತುದಿಯನ್ನು ಉಜ್ಜಿ, ಅದನ್ನು ತಮ್ಮ ಮುಂಗೈಯ ಒಳಭಾಗಕ್ಕೆ ಒತ್ತಿ ನೋಡಿಕೊಂಡರು. ಚುಚ್ಚಿತು. ಮತ್ತೆ ಉಜ್ಜಿದರು. ಹಾಗೆ ಒಂದೊಂದೇ ಹಲ್ಲು, ಮೂವತ್ತೆರಡು. ಮಧ್ಯಾಹ್ನ ಆಗುವವರೆಗೂ ಲೆನೋರಾ ಕದಲಲಿಲ್ಲ. ಆಚಾರ್ಯರ ಮುಂಗೈ ಕೆಂಪಾಗಿ, ಅಲ್ಲಲ್ಲಿ ರಕ್ತ ಒಸರಿತ್ತು. ಕೊನೆಯ ಹಲ್ಲು ಮುಗಿಸಿ ಕಡಗವನ್ನು ಅವಳಿಗೆ ಕೊಟ್ಟರು. ಅವಳು ಅದನ್ನು ತೊಟ್ಟು, ಖಾಲಿ ಗೂಡಿನ ಸುತ್ತ ಬೆರಳಾಡಿಸಿ ನೋಡಿದಳು. ಆಮೇಲೆ ತನ್ನ ಚೀಲದಿಂದ ಬ್ಯಾಂಡೇಜು ತೆಗೆದು, ಅವರ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಸುತ್ತತೊಡಗಿದಳು.